ತುಂಬಿದ ಮೇಲೆ ಹೊರಡುವ ಆಟೊ



ಕಳೆದ ದೀಪಾವಳಿಯ ನಮ್ಮ ಕೂಟದಲ್ಲಿ, ಫಳಾರದ ಹೊತ್ತಿಗೆ, ನಿಮ್ಮಲ್ಲೇ ಒಬ್ಬ ಹುಡುಗನನ್ನು ರಾಯಚೂರಿನಿಂದ ಬಂದಿದ್ದ ಅವನ ಅಜ್ಜಿ ಕೇಳಿದರು: "ಏನಪಾ, ಕಾರಿನ ಕಂಪನ್ಯಾಗ ಕೆಲ್ಸ ಮಾಡ್ತಿಯಂತ. ಏನ್ ಮಾಡ್ತಿ ಅಲ್ಲಿ?" ಹುಡುಗ ಚಕ್ಕುಲಿ ಮುರಿಯುತ್ತ, "ಗೇಟ್‌ವೇ ಸಾಫ್ಟ್‌ವೇರ್ ಅಜ್ಜಿ. ನಿಂಗೆ ಅರ್ಥ ಆಗಲ್ಲ ಬಿಡು" ಎಂದ. ಅಜ್ಜಿ ಸುಮ್ಮನಾದರು. ಪಕ್ಕದಲ್ಲೇ ಕುಳಿತಿದ್ದ ನನಗೆ ಚಕ್ಕುಲಿ ರುಚಿಸಲಿಲ್ಲ. ಏಕೆಂದರೆ ಮೂವತ್ತು ವರ್ಷ ಅದೇ ಕಸುಬು ಮಾಡಿದ ನಾನೂ ನಮ್ಮ ಮನೆಯಲ್ಲಿ ಅದೇ ಉತ್ತರ ಕೊಟ್ಟವನೇ.

ಹುಡುಗ ಹೇಳಬೇಕಾಗಿದ್ದುದನ್ನು ಈ ಸಲ ನಾನು ಹೇಳುತ್ತೇನೆ. ಕನ್ನಡ ಓದಲು ತಡವರಿಸುವವರು ಅಮ್ಮನಿಂದ ಓದಿಸಿ ಕೇಳಿ, ಸಂಕೋಚ ಬೇಡ.

ಹಿಂದೆ ಕಾರಿನಲ್ಲಿ ಒಂದೊಂದು ಸ್ವಿಚ್ಚಿಗೂ ಒಂದೊಂದು ತಂತಿ ಎಳೆಯುತ್ತಿದ್ದರು. ಸಲಕರಣೆಗಳು ಹೆಚ್ಚಿದಂತೆ ತಂತಿಗಳು ಹಗ್ಗದಷ್ಟು ದಪ್ಪಗಾದವು. ಇದಕ್ಕೆ ಉಪಾಯವಾಗಿ ಜರ್ಮನಿಯ ಬಾಷ್ ಕಂಪನಿಯವರು 1983ರಲ್ಲಿ ಕೆಲಸ ಶುರುಮಾಡಿ, 1986ರ ಫೆಬ್ರವರಿಯಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ 'ಕ್ಯಾನ್' ಎಂಬ ವ್ಯವಸ್ಥೆಯನ್ನು ಜಗತ್ತಿನ ಮುಂದಿಟ್ಟರು. ಬಾಷ್ ಎಂದರೆ ಪರಕೀಯರೆಂದುಕೊಳ್ಳಬೇಡಿ. ಬೆಂಗಳೂರಿನ ಆಡುಗೋಡಿಯ 'ಮೈಕೋ' ಅವರದೇ. 1951ರಲ್ಲಿ ಶುರುವಾದ ಆ ಕಂಪನಿಗೆ ಬಾಷ್ ಎಂಬ ಹೆಸರು ಬಂದದ್ದು 2008ರಲ್ಲಿ. ನಿಮ್ಮ ಸೋದರಮಾವನೋ ದೊಡ್ಡಪ್ಪನೋ ಅಲ್ಲಿ ದುಡಿದಿದ್ದರೂ ಆಶ್ಚರ್ಯವಿಲ್ಲ.

ಕ್ಯಾನ್‌ನಲ್ಲಿ ಎಲ್ಲ ಘಟಕಗಳೂ ಒಂದೇ ಜೋಡಿ ತಂತಿಗೆ ನೇತುಬಿದ್ದಿರುತ್ತವೆ. ಒಬ್ಬರು ಹೇಳಿದ್ದನ್ನು ಎಲ್ಲರೂ ಕೇಳುತ್ತಾರೆ. ಪ್ರತಿ ಸಂದೇಶಕ್ಕೂ ಒಂದು ನಂಬರು. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಸಣ್ಣ ನಂಬರಿನವರು ಮುಂದುವರಿಯುತ್ತಾರೆ, ಮತ್ತೊಬ್ಬರು ತಾವಾಗಿಯೇ ಸುಮ್ಮನಾಗಿ ಸರದಿ ಕಾಯುತ್ತಾರೆ. (ನಮ್ಮ ಸಂಘದ ಸರ್ವಸದಸ್ಯರ ಸಭೆಯಲ್ಲಿ ಇದು ಇನ್ನೂ ಸಾಧ್ಯವಾಗಿಲ್ಲ.) ಆದರೆ ಒಂದು ಸಂದೇಶದಲ್ಲಿ ಹಿಡಿಯುವುದು ಹೆಚ್ಚೆಂದರೆ 8 ಬೈಟ್. ಚಕ್ರದ ವೇಗಕ್ಕೆ, ಬಾಗಿಲು ತೆರೆದಿದೆಯೆಂಬ ಸುದ್ದಿಗೆ ಅಷ್ಟು ಧಾರಾಳ ಸಾಕು. ಕ್ಯಾಮೆರಾದ ಚಿತ್ರಕ್ಕೆ ಏನೇನೂ ಸಾಲದು. ಹಾಗಾಗಿ ಈಗಿನ ಕಾರುಗಳಲ್ಲಿ ಕಂಪ್ಯೂಟರಿನ ಈಥರ್ನೆಟ್ ಕೂಡ ಬಂದು ಕುಳಿತಿದೆ. ಒಂದೇ ಜೋಡಿ ತಂತಿಯ ಮೇಲೆ ಸೆಕೆಂಡಿಗೆ 100 ಮೆಗಾಬಿಟ್ ಸಾಗಿಸುವ ಅದರ ಕಾರಿನ ರೂಪ 2015ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಹಳೆಯ ಕ್ಯಾನ್‌ಗೂ ಹೊಸ ಈಥರ್ನೆಟ್ಟಿಗೂ ನಡುವೆ ನಿಂತು ಸಂದೇಶ ದಾಟಿಸುವ ದ್ವಾರಪಾಲಕನೇ ಗೇಟ್‌ವೇ.

ಈಗ ಲೆಕ್ಕಕ್ಕೆ ಬನ್ನಿ. 8 ಬೈಟಿನ ಸಂದೇಶವೊಂದನ್ನು ಒಂಟಿಯಾಗಿ ಕಳಿಸಬೇಕೆನ್ನಿ. ಅದರ ನಂಬರು ಮತ್ತು ಉದ್ದ ಬರೆದ ಚೀಟಿಗೆ 8 ಬೈಟ್, ಯುಡಿಪಿ ಎಂಬ ಲಕೋಟೆಗೆ 8, ಐಪಿ ವಿಳಾಸದ ಲಕೋಟೆಗೆ 20. ಒಟ್ಟು 44. ಈಥರ್ನೆಟ್ಟಿನ ಹೊಟ್ಟೆಗೆ ಕನಿಷ್ಠ 46 ಬೇಕು, ಆದ್ದರಿಂದ 2 ಬೈಟ್ ಹೊಟ್ಟು ತುಂಬುತ್ತಾರೆ. ಹೊರಗಿನ ಲಕೋಟೆ 18. ತಂತಿಯ ಮೇಲಿನ ಮುನ್ಸೂಚನೆ, ತೆರವು ಸೇರಿ ಇನ್ನು 20. ಅಂತೂ 8 ಬೈಟಿನ ಸುದ್ದಿಗೆ 84 ಬೈಟ್ ಸಾಗಣೆ. ಹೀಗೆ 40 ಸಂದೇಶಗಳಿಗೆ 3360 ಬೈಟ್. ಅದೇ 40ನ್ನೂ ಒಂದೇ ಗಂಟು ಕಟ್ಟಿದರೆ ಬರಿಯ 706.

"ರಸ್ತೆ 100 ಮೆಗಾಬಿಟ್ ಅಗಲವಿರುವಾಗ ಈ ಜಿಪುಣತನ ಏಕೆ?" ಎಂದು ಕೇಳುವ ಜಾಣರು ನಿಮ್ಮಲ್ಲಿದ್ದಾರೆ. ಸರಿಯಾದ ಪ್ರಶ್ನೆಯೇ. ತುಂಬಿ ಹರಿಯುವ ಒಂದು ಕ್ಯಾನ್ ತಂತಿಯಿಂದ ಸೆಕೆಂಡಿಗೆ 4,000 ಸಂದೇಶ ಬಂದು, ಎಲ್ಲವನ್ನೂ ಒಂಟಿಯಾಗಿ ಕಳಿಸಿದರೂ ಮೂರು ಮೆಗಾಬಿಟ್ ಆಗದು. ತೊಂದರೆ ರಸ್ತೆಯದ್ದಲ್ಲ, ಆ ಕಡೆ ಬಾಗಿಲು ತೆಗೆಯುವವನದು. ಒಂದೊಂದು ಪ್ಯಾಕೆಟ್ ಬಂದಾಗಲೂ ಅಲ್ಲಿನ ಪ್ರೊಸೆಸರು ಕೈಯಲ್ಲಿರುವ ಕೆಲಸ ಬಿಟ್ಟು ಎದ್ದುಬರಬೇಕು. ಸೆಕೆಂಡಿಗೆ 4,000 ಸಲ ಬಾಗಿಲು ತಟ್ಟಿದರೆ ಯಾವ ಗೃಹಿಣಿಯ ಒಲೆಯ ಮೇಲಿನ ಹಾಲು ಉಕ್ಕದೆ ಉಳಿದೀತು?

ನಮ್ಮ ಹೈದರಾಬಾದಿನ ಷೇರ್ ಆಟೊ ನೋಡಿಲ್ಲದವರಾರು? "ಏಕ್ ಸೀಟ್, ಏಕ್ ಸೀಟ್" ಎಂದು ಕೂಗುತ್ತ, ತುಂಬುವ ತನಕ ಹೊರಡದು. ಗೇಟ್‌ವೇ ಕೂಡ ಹಾಗೆಯೇ, ಆದರೆ ಅದಕ್ಕೆ ಗಡಿಯಾರವೂ ಉಂಟು: ಗಂಟು ತುಂಬಲಿ, ಅಥವಾ ನಿಗದಿಯಾದ ಮಿಲಿಸೆಕೆಂಡುಗಳು ಕಳೆಯಲಿ, ಯಾವುದು ಮೊದಲೋ ಆಗ ಹೊರಡು. ಆ ಸಂಜೆ ಅಜ್ಜಿಗೆ ನಾನು ಹೇಳಿದ್ದೂ ಇಷ್ಟೇ. ಲೆಕ್ಕ ಹೇಳಲಿಲ್ಲ, ಆಟೊ ಮಾತ್ರ ಹೇಳಿದೆ. ಅವರು ಒಂದು ಗಳಿಗೆ ಯೋಚಿಸಿ ಕೇಳಿದರು: "ಅಲ್ಲೋ ತಮ್ಮಾ, ಹಡಿಯೋ ಬ್ಯಾನಿ ಬಂದಾಕಿ ಆಟೊದಾಗ ಕುಂತಿದ್ರ? ಆವಾಗೂ ತುಂಬೋತನಕ ನಿಲ್ಲಸ್ತಾನೇನು ಅವಾ?"

ಮಿತ್ರರೇ, ಈ ಪ್ರಶ್ನೆಯನ್ನು ನಾನೇ ಕೇಳಿಕೊಳ್ಳಲು ಒಮ್ಮೆ ನನಗೆ ಮೂರು ದಿನ ಹಿಡಿದಿತ್ತು.

ಕೆಲವು ವರ್ಷಗಳ ಹಿಂದಿನ ಮಾತು. ಪರೀಕ್ಷೆಯ ಕಾರೊಂದರಲ್ಲಿ ಮುಂದಿನ ಅಡ್ಡಿಯನ್ನು ಕಾಣುವ ರೇಡಾರ್ ಕ್ಯಾನ್ ಕಡೆಗಿತ್ತು. ಬ್ರೇಕ್ ಹಾಕಲು ತೀರ್ಮಾನಿಸುವ ಕಂಪ್ಯೂಟರ್ ಈಥರ್ನೆಟ್ ಕಡೆಗೆ. ಗೇಟ್‌ವೇ ಪಟ್ಟಿ ಬರೆದವನು ನಾನು, ಗಡಿಯಾರ 50 ಮಿಲಿಸೆಕೆಂಡಿಗೆ ಇಟ್ಟವನೂ ನಾನೇ. ಕಚೇರಿಯ ಮೇಜಿನ ಮೇಲೆ ಎಲ್ಲವೂ ಸೊಗಸಾಗಿ ನಡೆಯಿತು. ಮೈದಾನದಲ್ಲಿ, ಕಾರು ಕೆಲವೊಮ್ಮೆ ಸರಿಯಾಗಿ ನಿಲ್ಲುತ್ತಿತ್ತು, ಕೆಲವೊಮ್ಮೆ ಎದುರಿಗಿಟ್ಟ ಗೊಂಬೆಗೆ ಮೂತಿ ತಾಗಿಸಿ ನಿಲ್ಲುತ್ತಿತ್ತು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ 50 ಮಿಲಿಸೆಕೆಂಡಿಗೆ ಕಾರು ಸುಮಾರು 83 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಗೊಂಬೆಯಾದ್ದರಿಂದ ಸರಿಹೋಯಿತು.

ರೇಡಾರನ್ನು ಬೈದೆವು, ಬ್ರೇಕನ್ನು ಬೈದೆವು. ಮೂರನೆಯ ದಿನ ಗುಟ್ಟು ತಿಳಿಯಿತು. ಮೇಜಿನ ಮೇಲೆ ಎಲ್ಲ ಘಟಕಗಳೂ ಹರಟುತ್ತಿದ್ದವು, ಗಂಟು ಬೇಗ ತುಂಬಿ ಹೊರಡುತ್ತಿತ್ತು. ಮೈದಾನದ ಕಾರಿನಲ್ಲಿ ಅರ್ಧದಷ್ಟನ್ನು ಆರಿಸಿದ್ದೆವು. ಪ್ರಯಾಣಿಕರಿಲ್ಲದ ಮಧ್ಯಾಹ್ನದ ಆಟೊದಂತೆ ಗಂಟು ಕಾದೇ ಕಾದಿತು. ಜನಜಂಗುಳಿಯಲ್ಲಿ ಕಾಣದ ತಪ್ಪು ನಿರ್ಜನದಲ್ಲಿ ಕಂಡಿತು. ನಾವೋ, ಜಂಗುಳಿಯನ್ನಷ್ಟೇ ಪರೀಕ್ಷಿಸಿದ್ದೆವು.

ಮದ್ದು ಕೈಯಳತೆಯಲ್ಲೇ ಇತ್ತು. ಕಾರು ತಯಾರಕರು 2003ರಲ್ಲಿ ಕೂಡಿ ಕಟ್ಟಿದ 'ಆಟೋಸಾರ್' ಒಕ್ಕೂಟದ ಮಾನಕದಲ್ಲಿ ಪ್ರತಿ ಸಂದೇಶಕ್ಕೂ ಒಂದು ಗುರುತು ಹಾಕಬಹುದು: ಇದು ಬಂದ ಕೂಡಲೇ, ಗಂಟಿನಲ್ಲಿ ಎಷ್ಟಿದ್ದರೆ ಅಷ್ಟೇ ಕಟ್ಟಿ ಹೊರಡು. ರೇಡಾರಿನ ಸಾಲಿನಲ್ಲಿ ಆ ಗುರುತನ್ನು ನಾನು ಹಾಕಿರಲಿಲ್ಲ.

ಇನ್ನೊಂದು ಮಾತು, ಚಿಕ್ಕದಾಗಿ. ಯುಡಿಪಿ ಎಂಬುದು ರಸೀದಿಯಿಲ್ಲದ ಅಂಚೆ. ಗಂಟು ಕಳೆದುಹೋದರೆ 40 ಸುದ್ದಿಗಳೂ ಒಟ್ಟಿಗೇ ಹೋದವು, ಮರಳಿ ಕಳಿಸುವವರಿಲ್ಲ. ಚಕ್ರದ ವೇಗವಾದರೆ ಕ್ಷಣದಲ್ಲಿ ಮತ್ತೆ ಬರುತ್ತದೆ. ಒಂದೇ ಸಲ ಹೇಳುವ ಸುದ್ದಿಯನ್ನು ಎರಡು ಮೂರು ಸಲ ಹೇಳುವಂತೆ ಮೊದಲೇ ಏರ್ಪಾಡು ಮಾಡಬೇಕು.

ಸಂಗಾರೆಡ್ಡಿ ಕಡೆಯ ಕಂದಿಯಲ್ಲಿ, ಐಐಟಿ ಆವರಣದೊಳಗೆ, ಚಾಲಕರಿಲ್ಲದ ವಾಹನಗಳ ಪರೀಕ್ಷೆಗೆಂದೇ 'ಟಿಹಾನ್' ಎಂಬ ಮೈದಾನ 2022ರ ಜುಲೈಯಲ್ಲಿ ಉದ್ಘಾಟನೆಯಾಯಿತು. ಇಂಥ ಕಡೆ, ಇಲ್ಲವೇ ನಗರದ ಕಾರು ಕಂಪನಿಗಳಲ್ಲಿ, ನಿಮ್ಮಲ್ಲಿ ಹಲವರು ಇಂಥ ಪಟ್ಟಿಗಳನ್ನು ಬರೆಯುವವರೇ.

ಈ ಸಲದ ಲೆಕ್ಕ: ಈಥರ್ನೆಟ್ ಪ್ಯಾಕೆಟ್ಟಿನ ಹೊಟ್ಟೆಯಲ್ಲಿ ಗರಿಷ್ಠ 1500 ಬೈಟ್ ಹಿಡಿಯುತ್ತದೆ, ಯುಡಿಪಿ, ಐಪಿ ಲಕೋಟೆಗಳು ಅದರೊಳಗೇ. ಮೇಲೆ ಹೇಳಿದಂಥ ಸಂದೇಶಗಳು ಎಷ್ಟು ತುಂಬುತ್ತವೆ? ಸೆಕೆಂಡಿಗೆ 4,000 ಬರುತ್ತಿದ್ದರೆ ತುಂಬಲು ಎಷ್ಟು ಹೊತ್ತು? ಅಷ್ಟರಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದ ಕಾರು ಎಷ್ಟು ದೂರ ಹೋಗಿರುತ್ತದೆ? ಉತ್ತರವನ್ನು ಸಂಘದ ಕಚೇರಿಗೆ ಬರೆದು ಕಳಿಸಿ. ಲೆಕ್ಕ ತಪ್ಪಿದರೂ ಚಿಂತೆಯಿಲ್ಲ, ಕನ್ನಡದಲ್ಲಿರಲಿ.