ಅಸಹಿಷ್ಣು ಹೊಟ್ಟೆ ಯಾರದು?

ವೈದ್ಯರ ಭಾಷೆಯಲ್ಲಿ ನನಗೊಂದು ಹೆಸರಿದೆ: ಲ್ಯಾಕ್ಟೋಸ್ ಅಸಹಿಷ್ಣು. ಅಂದರೆ ಹಾಲಿನ ಸಕ್ಕರೆಯನ್ನು ಸಹಿಸದವನು. ಹಾಲು ಕುಡಿದರೆ ನನ್ನ ಹೊಟ್ಟೆ ಉಬ್ಬುತ್ತದೆ, ಗುಡುಗುಡು ಅನ್ನುತ್ತದೆ, ತಾಸಿನೊಳಗೆ ಚರಗಿ ಹಿಡಿದು ಓಡಬೇಕಾಗುತ್ತದೆ. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ. ನಾಚಬೇಕಾದವರು ಬೇರೆ ಇದ್ದಾರೆ.

2013ರ ಆಗಸ್ಟ್ 1ರಂದು ರಾಜ್ಯದಲ್ಲಿ ಕ್ಷೀರಭಾಗ್ಯ ಶುರುವಾಯಿತು. ಒಂದು ಮಗುವಿಗೆ 18 ಗ್ರಾಂ ಪುಡಿ, 150 ಮಿಲಿಲೀಟರ್ ಹಾಲು. ಆಗ ನಾನು ಏಳನೇ ಇಯತ್ತೆ. ರಾವೂರಿನ ಸುತ್ತ ಫರಸಿ ಕಲ್ಲಿನ ಖಣಿಗಳಲ್ಲಿ ದುಡಿಯುವವರ ಮಕ್ಕಳು ನಾವು. ಮನೆಯಲ್ಲಿ ಎಮ್ಮೆಯಿಲ್ಲ, ಎಮ್ಮೆ ಕಟ್ಟಲಿಕ್ಕೆ ಜಾಗವೂ ಇಲ್ಲ. ಹಾಲು ಅಂದರೆ ಚಹಾದೊಳಗಿನ ಬಣ್ಣ, ಅಷ್ಟೆ. ಮುಂಜಾನೆ ಖಾಲಿ ಹೊಟ್ಟೆಯಲ್ಲಿ ಸಾಲಿಗೆ ಬಂದ ನಾನು ಲೋಟ ತುಂಬ ಹಾಲು ಕಂಡು, ಇದು ಹಬ್ಬ ಅಂದುಕೊಂಡು ಗಟಗಟ ಕುಡಿದೆ. ಗಣಿತದ ತಾಸು ಮುಗಿಯುವ ಮೊದಲೇ ಹೊಟ್ಟೆ ಕೈಕೊಟ್ಟಿತು.

"ಸರ, ಹೊರಗ ಹೋಗಿ ಬರ್ತೀನ್ರಿ."

"ಹಾಲು ಕುಡದ್ರ ಜಾಡಸ್ತದಂದ್ರ ಅದೆಂಥ ಹೊಟ್ಟಿಲೇ ನಿಂದು? ಹುಟ್ಟಿದಾಗಿಂದ ಹಾಲು ಕಂಡಿದ್ರಲ್ಲ ದಕ್ಕೋದು!"

ಇಡೀ ವರ್ಗ ನಕ್ಕಿತು. ಮರುದಿನದಿಂದ ನನ್ನ ಪಾಲಿನ ಹಾಲು ಬೇವಿನ ಗಿಡದ ಬುಡಕ್ಕೆ ಹೋಯಿತು.

ಆ ಮಾಸ್ತರರ ಮಾತಿನಲ್ಲಿ ಇದ್ದದ್ದು ವಿಜ್ಞಾನವಲ್ಲ, ಜಾತಿ. ವಿಜ್ಞಾನ ಹೇಳುವುದೇ ಬೇರೆ. ತಾಯಿಯ ಎದೆಹಾಲು ಕುಡಿಯುವ ಕೂಸಿನ ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಇರುತ್ತದೆ. ಹಾಲಿನ ಸಕ್ಕರೆಯನ್ನು ಒಡೆದು ಮೈಗೆ ಕೊಡುವುದು ಅದರ ಕೆಲಸ. ಎದೆಹಾಲು ಬಿಟ್ಟ ಮೇಲೆ ಬಹುಪಾಲು ಮನುಷ್ಯರಲ್ಲಿ ಈ ಕಿಣ್ವ ತಾನಾಗಿಯೇ ಇಳಿಯುತ್ತ ಹೋಗುತ್ತದೆ. ಒಡೆಯದ ಸಕ್ಕರೆ ದೊಡ್ಡ ಕರುಳಿಗೆ ಇಳಿದು ನೀರು ಎಳೆದುಕೊಳ್ಳುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುಳಿಸಿ ಗಾಳಿ ಎಬ್ಬಿಸುತ್ತವೆ. ದಿನಾ ಹಾಲು ಕುಡಿದರೂ ಇಳಿದ ಕಿಣ್ವ ಮತ್ತೆ ಹುಟ್ಟುವುದಿಲ್ಲ. ಸಾವಿರಾರು ವರ್ಷ ದನಕರು ಸಾಕಿ ಹಾಲಿನ ಮೇಲೆ ಬದುಕಿದ ಕೆಲವು ಜನಗಳಲ್ಲಿ ಮಾತ್ರ ಅದು ದೊಡ್ಡವರಾದರೂ ಉಳಿಯಿತು. ನಮ್ಮ ದೇಶದಲ್ಲಿ ವಾಯವ್ಯದ ಕಡೆ ಅಂಥವರು ಹೆಚ್ಚು, ದಕ್ಷಿಣಕ್ಕೆ ಬಂದಂತೆ ಕಡಿಮೆ. ಜಗತ್ತಿನ ಜನರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿಗೆ ಹಾಲಿನ ಸಕ್ಕರೆ ಪೂರ್ತಿ ದಕ್ಕುವುದಿಲ್ಲ.

ಮೂರರಲ್ಲಿ ಎರಡು ಪಾಲು! ಆದರೂ ರೋಗದ ಹೆಸರು ಯಾರಿಗೆ? ನಮಗೆ. ಆರೋಗ್ಯದ ಅಳತೆಗೋಲು ಯಾರು? ಹಾಲು ದಕ್ಕಿಸಿಕೊಳ್ಳುವ ಅಲ್ಪಸಂಖ್ಯಾತರು. ಬಹುಜನರ ಮೈಯನ್ನೇ ತಪ್ಪು ಅನ್ನುವ ಈ ಲೆಕ್ಕ ನಮಗೇನು ಹೊಸದೇ?

ಪದವಿಗೆಂದು ಊರು ಬಿಟ್ಟ ಮೇಲೆ ಒಬ್ಬ ಡಾಕ್ಟರು ನಗದೆ ನನ್ನ ಮಾತು ಕೇಳಿದರು. ಒಂದು ಗುಳಿಗಿ ಬರೆದುಕೊಟ್ಟರು. ನನ್ನ ಕರುಳು ಮಾಡದ ಕಿಣ್ವ ಆ ಗುಳಿಗಿಯಲ್ಲಿದೆ. ಹಾಲಿನ ಮೊದಲ ಗುಟುಕಿನ ಜೊತೆಗೇ ನುಂಗಬೇಕು. ಕುಡಿದು ಎಷ್ಟೋ ಹೊತ್ತಾದ ಮೇಲೆ ನುಂಗಿದರೆ ಉಪಯೋಗವಿಲ್ಲ. ಅದರ ಕೆಲಸ ಆ ಒಂದು ಹೊತ್ತಿಗಷ್ಟೆ. ನಾಳೆಯ ಹಾಲಿಗೆ ನಾಳೆಯದೇ ಗುಳಿಗಿ. ಅದು ಕೆಲಸ ಮಾಡುತ್ತದೆ, ಸುಳ್ಳು ಹೇಳಲಾರೆ. ಆದರೆ ಒಂದು ಪಟ್ಟಿಯ ಬೆಲೆ, ತೊಗರಿ ಹೊಲದಲ್ಲಿ ಕಸ ತೆಗೆಯುವ ನನ್ನವ್ವನ ಒಂದು ದಿನದ ಕೂಲಿಯ ಹತ್ತಿರ ಬರುತ್ತದೆ. ಈ ಕಿಣ್ವವನ್ನು ತಯಾರಿಸುವುದು ಬೂಷ್ಟಿನಿಂದ, ಇಲ್ಲವೆ ಯೀಸ್ಟಿನಿಂದ. ಪರಮ ಪವಿತ್ರ ಹಾಲನ್ನು ದಕ್ಕಿಸಲಿಕ್ಕೆ ಬೂಷ್ಟು ಬರಬೇಕಾಯಿತು, ನೋಡಿ!

ಕಿಣ್ವ ಜಾತಿ ಕೇಳುವುದಿಲ್ಲ. ಮಡಿ ಉಟ್ಟವನ ಕರುಳಿನಲ್ಲೂ ಅದು ಇಳಿಯುತ್ತದೆ. ಆದರೆ ಅವನ ಮನೆಯಲ್ಲಿ ಹಾಲು ಹೆಪ್ಪಾಗಿ ಮೊಸರಾಗುತ್ತದೆ. ಹೆಪ್ಪಾಗುವಾಗ ಸಕ್ಕರೆಯ ಒಂದು ಪಾಲು ಕರಗುತ್ತದೆ, ಉಳಿದದ್ದನ್ನು ಜೀರ್ಣಿಸಲಿಕ್ಕೆ ಮೊಸರಿನ ಬ್ಯಾಕ್ಟೀರಿಯಾಗಳೇ ನೆರವಾಗುತ್ತವೆ. ಹೆಪ್ಪು ಹಾಕಲಿಕ್ಕಾದರೂ ಹಾಲು ಬೇಕಲ್ಲ? ನಮ್ಮಾಯಿ ಗೌಡರ ಅಂಗಳದಾಗ ನಿಂತು, ಮುಟ್ಟದಂಗ ಮ್ಯಾಲಿಂದ ಸುರಿದ ಮಜ್ಜಿಗಿ ಮಗಿಯೊಳಗ ಹಿಡಕೊಂಡು ಬರೋಳು. ನಮಗೆ ದಕ್ಕುವ ಮಜ್ಜಿಗೆ ಹಾಗೆ ಬಂತು. ದಕ್ಕದ ಹಾಲು ಈಗ ಭಾಗ್ಯ ಎಂಬ ಹೆಸರಿನಲ್ಲಿ ಬಂದಿದೆ.

ಇನ್ನು ಮೊಟ್ಟೆಯ ಮಾತು. ಅದರಲ್ಲಿ ಲ್ಯಾಕ್ಟೋಸ್ ಇಲ್ಲವೇ ಇಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು. ನಮ್ಮ ಕಲಬುರಗಿ ಸೇರಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಮಕ್ಕಳು ಬಡಕಲಾಗಿದ್ದಾರೆಂದು 2021ರ ಡಿಸೆಂಬರಿನಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಬಂತು. ತಿನ್ನದವರಿಗೆ ಬಾಳೆಹಣ್ಣು ಇತ್ತು. ಯಾರ ಬಾಯಿಗೂ ಯಾರೂ ತುರುಕಲಿಲ್ಲ. ಆದರೂ ಕೆಲವು ಮಠಾಧೀಶರು ನಿಲ್ಲಿಸಿರಿ ಎಂದು ಎದ್ದರು. ಗಂಗಾವತಿಯ ಸಾಲಿ ಹುಡುಗಿಯರು, ನಿಲ್ಲಿಸಿದರೆ ನಿಮ್ಮ ಮಠಕ್ಕೇ ಬಂದು ಮೊಟ್ಟೆ ತಿಂತೀವಿ ಎಂದು ಉತ್ತರ ಕೊಟ್ಟರು. 2022ರಲ್ಲಿ ಹೊಸ ಶಿಕ್ಷಣ ನೀತಿಗೆಂದು ರಾಜ್ಯದ ಸಮಿತಿಯೊಂದು ಬರೆದ ಪತ್ರದಲ್ಲಿ, ಮೊಟ್ಟೆ ಮಾಂಸ ದಿನಾ ತಿಂದರೆ ರೋಗ ಎಂಬ ಉಪದೇಶ ಬಂತು. 2024ರಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಎಂದಾಯಿತು. ಅಷ್ಟಾಗಲಿಕ್ಕೆ ಎಷ್ಟು ವರ್ಷ, ಎಷ್ಟು ಜಗಳ! ಹಾಲಿನ ಲೋಟಕ್ಕೆ ಯಾವ ಸ್ವಾಮಿಯೂ ಅಡ್ಡ ಬಂದಿರಲಿಲ್ಲ.

ಪಕ್ಕದ ಮಗುವಿನ ತಾಟಿನಲ್ಲಿ ಮೊಟ್ಟೆ ಕಂಡರೆ ಸಹಿಸದವರು ಸಾತ್ವಿಕರು. ಯಾರಿಗೂ ತೊಂದರೆ ಕೊಡದೆ ತಾನೇ ನೋವು ತಿನ್ನುವ ನನ್ನ ಹೊಟ್ಟೆ ಅಸಹಿಷ್ಣು! ಎಂಥ ನಿಘಂಟು ಇದು?

ಗೆಳೆಯರೇ, ನಾವು ಹಾಲಿನ ವಿರೋಧಿಗಳಲ್ಲ. ಹೈನುಗಾರನ ಹಾಲು ಮಾರಾಟವಾಗಲಿ, ದಕ್ಕುವ ಮಗು ಎರಡು ಲೋಟ ಕುಡಿಯಲಿ. ಹಾಲು ದಕ್ಕದವರಲ್ಲೂ ಬಹಳ ಮಂದಿಗೆ ಒಂದು ಲೋಟ, ಅದೂ ಊಟದ ಜೊತೆಗೆ, ಕೇಡು ಮಾಡುವುದಿಲ್ಲ. ಆದ್ದರಿಂದ ಹಳ್ಳಿಯ ಮಾಸ್ತರರೇ, ಅಕ್ಕೋರೇ, ನಿಮ್ಮಲ್ಲಿ ಕೇಳುವುದು ಇಷ್ಟೆ. ಖಾಲಿ ಹೊಟ್ಟೆಯ ಮಗುವಿಗೆ ಬರೀ ಹಾಲು ಹೊಯ್ಯಬೇಡಿ. ಬೇಡ ಅನ್ನುವ ಮಗುವಿಗೆ ಬೈಯಬೇಡಿ. ಹೊರಗೆ ಹೋಗುತ್ತೇನೆ ಅಂದರೆ ಬಿಡಿ, ಸಂಡಾಸಿನಲ್ಲಿ ನೀರಿದೆಯೇ ನೋಡಿ. ರಕ್ತ ಬಿದ್ದರೆ, ತೂಕ ಇಳಿದರೆ, ಭೇದಿ ನಿಲ್ಲದಿದ್ದರೆ ಅದು ಹಾಲಿನ ಮಾತಲ್ಲ, ದವಾಖಾನಿಗೆ ಕಳಿಸಿ. ಮೊಟ್ಟೆ ಬಂದ ದಿನ ಮೊಟ್ಟೆಯನ್ನೇ ಕೊಡಿ. ತಿನ್ನುವ ಮಗುವಿನ ಕೈಗೆ ಬಾಳೆಹಣ್ಣು ಇಟ್ಟು ಲೆಕ್ಕ ಮುಗಿಸಬೇಡಿ.

ಗುಳಿಗಿ ನನ್ನ ಕಿಸೆಯಲ್ಲಿದೆ. ಬೇಕೆನಿಸಿದ ದಿನ ನುಂಗುತ್ತೇನೆ, ಹಾಲು ಕುಡಿಯುತ್ತೇನೆ. ಅದು ನನ್ನ ಇಚ್ಛೆ. ಆದರೆ ನಮ್ಮ ಮಕ್ಕಳ ತಾಟಿನ ಮೊಟ್ಟೆ ಕಂಡು ಉರಿಯುವ ಹೊಟ್ಟೆಗೆ ಯಾವ ಗುಳಿಗಿ ಅದ? ಅದನ್ನ ಯಾವ ಡಾಕ್ಟರು ಬರಕೊಡ್ತಾರ?