ಬೀಗ ಹಾಕಿದ ಮನೆಯೂ ಶ್ರಾವಕಧರ್ಮವೂ

ಹಿರಿಯರಿಂದ ಬಂದ ಮನೆಯನ್ನು ಮಾರಬೇಕೆ, ಬಾಡಿಗೆಗೆ ಕೊಡಬೇಕೆ ಎಂಬ ಪ್ರಶ್ನೆ ಇಂದು ನಮ್ಮ ಸಮಾಜದ ಅನೇಕ ಕುಟುಂಬಗಳಲ್ಲಿ ಎದ್ದಿದೆ. ಮಕ್ಕಳು ಬೆಂಗಳೂರು, ಮುಂಬಯಿ, ಪರದೇಶಗಳಲ್ಲಿ ನೆಲೆಸಿದ್ದಾರೆ; ಊರಿನ ಮನೆಗೆ ಬೀಗ ಬಿದ್ದಿದೆ. ಮಾರಿದರೆ ಕುಲಕ್ಕೆ ಕುಂದು ಎನ್ನುವವರು ಕೆಲವರು, ಬಾಡಿಗೆಗೆ ಕೊಟ್ಟರೆ ಮನೆಯೇ ಕೈಬಿಡುವುದೆನ್ನುವವರು ಕೆಲವರು. ಎರಡಕ್ಕೂ ಮನಸ್ಸಾಗದೆ ಬೀಗವನ್ನು ಕಾಯುತ್ತ ಕುಳಿತಿರುವುದಕ್ಕೆ ನಾವು ಮನೆತನದ ಗೌರವವೆಂಬ ಹೆಸರಿಟ್ಟುಕೊಂಡಿದ್ದೇವೆ. ಶಾಸ್ತ್ರದಲ್ಲಿ ಅದಕ್ಕಿರುವ ಹೆಸರು ಪರಿಗ್ರಹ.

ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ಮೂರ್ಛೆಯೆಂದು, ಅಂದರೆ ಮಮಕಾರವೆಂದು ನಿರೂಪಿಸುತ್ತದೆ. ಬಾಹ್ಯ ಪರಿಗ್ರಹಗಳ ಎಣಿಕೆ ಕ್ಷೇತ್ರ, ವಾಸ್ತುಗಳಿಂದಲೇ, ಎಂದರೆ ಹೊಲಮನೆಗಳಿಂದಲೇ ಮೊದಲಾಗುತ್ತದೆ. ಅಣುವ್ರತಿಯಾದ ಗೃಹಸ್ಥನು ಮನೆಯನ್ನು ತೊರೆಯಬೇಕಾಗಿಲ್ಲ. ಪರಿಮಾಣ ಮಾಡಿಕೊಂಡರೆ ಸಾಕು. ಆದರೆ ತಾನೂ ವಾಸಿಸದೆ, ಅನ್ಯರಿಗೂ ವಾಸಿಸಗೊಡದೆ ಗೆದ್ದಲಿಗೆ ಒಪ್ಪಿಸಿದ ಮನೆ ಯಾವ ಪರಿಮಾಣದೊಳಗೆ ಬರುತ್ತದೆ? ಹಿಂಸೆಯ ಮಾತನ್ನೂ ಮರೆಯಬಾರದು. ದಿನವೂ ಗುಡಿಸಿ ದೀಪ ಹಚ್ಚುವ ಮನೆಯಲ್ಲಿ ಕ್ರಿಮಿಕೀಟಗಳು ಮನೆಮಾಡುವುದು ಕಡಿಮೆ. ಮುಚ್ಚಿದ ಮನೆಯಲ್ಲಿ ಅವು ಬೆಳೆಯಲು ಬಿಟ್ಟು, ವರ್ಷಕ್ಕೊಮ್ಮೆ ಬಾಗಿಲು ತೆಗೆದು ಔಷಧ ಹೊಡೆಸುವ ನಾವು ಅಹಿಂಸೆಯನ್ನು ಕುರಿತು ಮಾತನಾಡುವುದಾದರೂ ಹೇಗೆ?

ಬಾಡಿಗೆಯ ಭಯಕ್ಕೆ ಕಾರಣವಿಲ್ಲವೆನ್ನಲಾರೆವು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ ತುಳುನಾಡಿನ ಅನೇಕ ಜೈನ ಮನೆತನಗಳ ಗೇಣಿಭೂಮಿ ಉಳುವವರ ಪಾಲಾಯಿತು. ಆ ನೆನಪು ಮಾಸಿಲ್ಲ. ಆದರೆ ಅದು ಕೃಷಿಭೂಮಿಯ ಕಾನೂನು. ಮನೆಬಾಡಿಗೆಗೆ ಸಂಬಂಧಿಸಿದ 1961ರ ನಿಯಂತ್ರಣ ಕಾಯಿದೆಯ ಸ್ಥಾನಕ್ಕೂ 1999ರ ಕಾಯಿದೆ ಬಂದಿದೆ. ಅವಧಿಯನ್ನು ಸ್ಪಷ್ಟವಾಗಿ ಬರೆದ ಕರಾರಿದ್ದರೆ ಹಳೆಯ ಭೀತಿಗೆ ಅಷ್ಟು ಆಸ್ಪದವಿಲ್ಲ.

ನಿಜವಾದ ಅಂಜಿಕೆ ಬೇರೆಯೇ ಇದೆ. ಮಾರಿದರೆ ಸಹೋದರಿಯರಿಗೆ ಪಾಲು ಕೊಡಬೇಕಾಗುತ್ತದೆ! 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಜೈನರಿಗೂ ಅನ್ವಯಿಸುತ್ತದೆ. ಗಂಡು ವಾರಸುದಾರರು ಪಾಲುಮಾಡಿಕೊಳ್ಳುವವರೆಗೆ ಹೆಣ್ಣುಮಕ್ಕಳು ವಾಸದ ಮನೆಯಲ್ಲಿ ಪಾಲು ಕೇಳಬಾರದೆಂದು ಅದರ 23ನೆಯ ಕಲಮು ತಡೆದಿತ್ತು. 2005ರ ತಿದ್ದುಪಡಿ ಆ ಕಲಮನ್ನು ತೆಗೆದುಹಾಕಿ, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು ನೀಡಿತು. ಅದಕ್ಕೆ ತಂದೆ ಆ ದಿನ ಜೀವಿಸಿರಬೇಕಾಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ತೀರ್ಪಿತ್ತಿದೆ. ಅಳಿಯಸಂತಾನ ಕಟ್ಟಿನಲ್ಲಿ ಹೆಣ್ಣಿನ ಮೂಲಕವೇ ಮನೆತನ ಮುಂದುವರಿದ ನಾಡಿನವರಿಗೆ ಇದು ಹೊಸ ಪಾಠವಾಗಬೇಕಿರಲಿಲ್ಲ. ಆದರೂ ಅರಿಶಿನ-ಕುಂಕುಮ, ಒಂದು ಸೀರೆ ಕೊಟ್ಟು ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ನಿಂತಿಲ್ಲ. ಮನಸ್ಸೊಪ್ಪಿ ಕೊಡದುದನ್ನು ತೆಗೆದುಕೊಳ್ಳುವುದು ಅದತ್ತಾದಾನ. ಊರಿನಲ್ಲಿರುವ ಒಬ್ಬನೇ ಬಾಡಿಗೆಯನ್ನೆಲ್ಲ ಉಣ್ಣುವುದೂ ಅದೇ.

ಹಾಗಾದರೆ ಮಾಡಬೇಕಾದುದೇನು? ಮೂರು ನಾಲ್ಕು ವರ್ಷಗಳಲ್ಲಿ ಕುಟುಂಬದ ಯಾರಾದರೂ ಬಂದು ನೆಲೆಸುವುದು ನಿಶ್ಚಯವಿದ್ದರೆ ಬಾಡಿಗೆಗೆ ಕೊಡಿರಿ. ದುರಸ್ತಿಯ ಖರ್ಚು ಕಳೆದು ಉಳಿದುದನ್ನು ಎಲ್ಲ ಪಾಲುದಾರರಿಗೂ ಹಂಚಿರಿ. ಬರುವವರೇ ಇಲ್ಲವಾದರೆ ಮಾರಿರಿ. ಮೊದಲು ಒಡಹುಟ್ಟಿದವರನ್ನು ಕೇಳಿರಿ. ಅದೇ ಕಾಯಿದೆಯ 22ನೆಯ ಕಲಮು ಸಹವಾರಸುದಾರರಿಗೆ ಆದ್ಯತೆಯನ್ನು ನೀಡಿದೆ. ನೋಂದಣಿಯಲ್ಲಿ ಕಡಿಮೆ ಬೆಲೆ ಕಾಣಿಸಿ ಉಳಿದುದನ್ನು ಗುಟ್ಟಾಗಿ ಪಡೆಯುವುದು ಕೂಟಲೇಖಕ್ರಿಯೆ, ಸತ್ಯಾಣುವ್ರತದ ಅತಿಚಾರ. ಮನೆಯೊಳಗೆ ಚೈತ್ಯಾಲಯವಿದ್ದರೆ ಜಿನಬಿಂಬವನ್ನು ವಿಧಿಪೂರ್ವಕ ಬಸದಿಗೆ ಒಪ್ಪಿಸಿದ ಮೇಲೆಯೇ ಮಾರಾಟದ ಮಾತು. ನೂರು ವರ್ಷ ಮೀರಿದ ಬಿಂಬವಾದರೆ 1972ರ ಪ್ರಾಚ್ಯವಸ್ತು ಕಾಯಿದೆಯ ನಿಯಮಗಳನ್ನೂ ಪಾಲಿಸಬೇಕು.

ಮೂಡುಬಿದಿರೆಯ ಚೌಟರ ಅರಮನೆಯ ನವನಾರೀಕುಂಜರದ ಕಂಬವನ್ನು ತೋರಿಸಿ, ಇಂಥದನ್ನು ಮಾರುವುದೇ ಎಂದು ಕೇಳುವವರಿದ್ದಾರೆ. ಅಂಥ ಮನೆಗಳನ್ನು ಉಳಿಸಲೇಬೇಕು. ಆದರೆ ಮರದ ಮನೆಯನ್ನು ಉಳಿಸುವುದು ಜನವಾಸ. ಮಳೆಗಾಲದಲ್ಲಿ ಸೋರುವ ಮಾಡನ್ನು ಬೀಗ ಕಾಯುವುದಿಲ್ಲ.

ಬಸದಿಗಳ ಟ್ರಸ್ಟ್‌ಗಳಿಗೂ ಒಂದು ಮಾತು. ಜಗಳ ಬಗೆಹರಿಯದ ಮನೆಯನ್ನು ದೇವರಿಗೆ ಬರೆದುಕೊಟ್ಟು ಪುಣ್ಯ ಕಟ್ಟಿಕೊಳ್ಳಬಯಸುವವರಿದ್ದಾರೆ. ಇನ್ನೊಬ್ಬರ ಪಾಲನ್ನು ಕೊಡುವುದು ದಾನವಾಗದು. ಹೆಣ್ಣುಮಕ್ಕಳೂ ಸೇರಿ ಎಲ್ಲ ವಾರಸುದಾರರ ಒಪ್ಪಿಗೆಯಿಲ್ಲದೆ ಯಾವ ಮನೆಯನ್ನೂ ಸ್ವೀಕರಿಸಬೇಡಿರಿ. ಸ್ವೀಕರಿಸಿದ ಮನೆಗೆ ನೀವೂ ಬೀಗ ಹಾಕಬೇಡಿರಿ; ಓದುವ ಮಕ್ಕಳಿಗೆ, ಆಸರೆಯಿಲ್ಲದ ವೃದ್ಧರಿಗೆ ಅದನ್ನು ತೆರೆಯಿರಿ.

ಪ್ರತಿವರ್ಷ ದಶಲಕ್ಷಣ ಪರ್ವದಲ್ಲಿ ಉತ್ತಮ ತ್ಯಾಗ, ಉತ್ತಮ ಆಕಿಂಚನ್ಯಗಳ ಪ್ರವಚನ ಕೇಳಿ ಮನೆಗೆ ಮರಳುತ್ತೇವೆ. ಈ ವರ್ಷ ಕ್ಷಮಾವಣಿಗೆ ಮುನ್ನ ಅಕ್ಕತಂಗಿಯರನ್ನು ಕರೆದು ಕೂರಿಸಿಕೊಂಡು, ಮನೆಯ ಪತ್ರಗಳನ್ನು ಅವರ ಮುಂದಿಡೋಣ. ಲೆಕ್ಕ ಚುಕ್ತಾ ಆಗದೆ ಕೇಳಿದ ಕ್ಷಮೆ ಬಾಯಿಮಾತಾಗಿಯೇ ಉಳಿಯುತ್ತದೆ.