ಅಲಗಿನ ಬೆಲೆ, ಅಲಗಿನ ಯೋಗ್ಯತೆ

ವಸ್ತುವಿನ ಬೆಲೆಯನ್ನು ಕೇಳಿ ಅದರ ಗುಣವನ್ನು ನಿಶ್ಚಯಿಸುವ ಅಭ್ಯಾಸ ಬಹು ಹಳೆಯದು. ಹೆಚ್ಚು ಬೆಲೆಯದು ಉತ್ತಮವಾಗಿಯೇ ಇರಬೇಕೆಂದು ಕೆಲವರು ನಂಬುತ್ತಾರೆ. ಅದೆಲ್ಲ ವ್ಯಾಪಾರಿಗಳ ಹೂಟ, ಕಬ್ಬಿಣ ಎಲ್ಲಿದ್ದರೂ ಕಬ್ಬಿಣವೇ ಎಂದು ಮತ್ತೆ ಕೆಲವರು ನಗುತ್ತಾರೆ. ಈ ಎರಡು ಪಕ್ಷದವರೂ ಒಂದು ಶ್ರಮವನ್ನು ತಪ್ಪಿಸಿಕೊಳ್ಳುತ್ತಾರೆ. ಅದು ಅಳೆದು ನೋಡುವ ಶ್ರಮ. ವಿಜ್ಞಾನವನ್ನು ಓದುವ ವಿದ್ಯಾರ್ಥಿಗಳಿಗೆ ಈ ಎರಡು ದಾರಿಗಳೂ ತಕ್ಕುವಲ್ಲವೆಂಬುದು ನಮ್ಮ ಅಭಿಪ್ರಾಯ. ಅದನ್ನು ಒಂದು ಚಿಕ್ಕ ಉಪಕರಣದ ಮೂಲಕ ಸ್ಪಷ್ಟಪಡಿಸಬಯಸುತ್ತೇವೆ. ಆ ಉಪಕರಣವೇ ಮಡಚದ ಚಾಕು.

ಮಡಚುವ ಚಾಕುವಿಗೆ ಒಂದು ಕೀಲು ಇರುತ್ತದೆ. ಮಡಚದ ಚಾಕುವಿಗೆ ಅದಿಲ್ಲ. ಅಲಗಿನ ಉಕ್ಕೇ ಹಿಂದಕ್ಕೆ ಮುಂದುವರಿದು ಹಿಡಿಯೊಳಕ್ಕೆ ಹೊಕ್ಕಿರುತ್ತದೆ. ಸಡಿಲವಾಗುವ ಭಾಗವಿಲ್ಲದುದರಿಂದ ಅರಣ್ಯದಲ್ಲಿ ದುಡಿಯುವವರು, ಮೀನುಗಾರರು, ಚಾರಣಕ್ಕೆ ಹೋಗುವವರು ಇದನ್ನೇ ನೆಚ್ಚುತ್ತಾರೆ. ಆದರೆ ಅಂಗೈಯಷ್ಟು ಉದ್ದದ ಇಂಥ ಅಲಗಿನ ಬೆಲೆ ಸುಮಾರು ಇಪ್ಪತ್ತು ಡಾಲರಿನಿಂದ ಹಿಡಿದು ನೂರಾರು ಡಾಲರಿನವರೆಗೂ ಏರುವುದನ್ನು ಕಂಡಾಗ ಯಾರಿಗಾದರೂ ಆಶ್ಚರ್ಯವಾಗದಿರದು. ಹತ್ತು ಪಟ್ಟು ಹಣ ಕೊಟ್ಟವನಿಗೆ ಹತ್ತು ಪಟ್ಟು ಹರಿತ ದೊರೆಯುವುದೇ?

ಮಾತು ಗಾಳಿಯಲ್ಲಿ ತೇಲದಿರಲೆಂದು ಸ್ವೀಡನ್ ದೇಶದ ಎರಡು ಚಾಕುಗಳನ್ನು ಎದುರಿಗೆ ಇಟ್ಟುಕೊಳ್ಳೋಣ. ಮೊದಲನೆಯದು ಮೋರಾ ಎಂಬ ಊರಿನದು. ಅಲ್ಲಿಯ ಕಾರ್ಖಾನೆಯ ಮೂಲ 1891ಕ್ಕೆ ಹೋಗುತ್ತದೆ. ಅದರ ‘ಕಂಪ್ಯಾನಿಯನ್’ ಎಂಬ ಚಾಕು ಅಗ್ಗವಾದುದು, ಬಹುಸಂಖ್ಯೆಯಲ್ಲಿ ತಯಾರಾಗತಕ್ಕದ್ದು. ಎರಡನೆಯದು ಫೆಲ್‌ಕ್ನಿವೆನ್ ಸಂಸ್ಥೆಯ ‘ಎಫ್-1’. 1995ರಲ್ಲಿ ಸ್ವೀಡನ್ನಿನ ವಾಯುಪಡೆ ತನ್ನ ವೈಮಾನಿಕರ ಆಪತ್ಕಾಲದ ಬಳಕೆಗೆಂದು ಇದನ್ನು ಆರಿಸಿಕೊಂಡಿತು. ಇದರ ಬೆಲೆ ಮೊದಲನೆಯದರ ಎಂಟು ಹತ್ತು ಪಟ್ಟು.

ಮೊದಲು ಹರಿತವನ್ನು ವಿಚಾರಿಸೋಣ. ಹರಿತವೆಂದರೆ ಅಂಚು ಬಹಳ ತೆಳ್ಳಗಿರುವುದು, ಅಷ್ಟೆ. ಹತ್ತು ಸೆಂಟಿಮೀಟರ್ ಉದ್ದದ ಅಂಚು ಒಂದು ಮೈಕ್ರಾನ್, ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು ಅಗಲವಿದೆಯೆಂದು ಭಾವಿಸಿರಿ. ಅದರ ಮೇಲೆ ಒಂದು ಕಿಲೋಗ್ರಾಂ ಭಾರವನ್ನಿಟ್ಟರೆ, ಅಂಚಿನ ಕೆಳಗಿನ ಒತ್ತಡ ವಾಯುಮಂಡಲದ ಒತ್ತಡದ ಸುಮಾರು ಸಾವಿರ ಪಟ್ಟು ಆಗುತ್ತದೆ. ಇಂತಹ ಅಂಚನ್ನು ಕೊಡುವುದು ಸಾಣೆಕಲ್ಲು ಮತ್ತು ಅದನ್ನು ಬಲ್ಲ ಕೈ, ಬೆಲೆಯ ಚೀಟಿಯಲ್ಲ. ಚೆನ್ನಾಗಿ ಮಸೆದ ಅಗ್ಗದ ಮೋರಾ ಚಾಕು, ಮೊಂಡಾದ ದುಬಾರಿ ಚಾಕುವನ್ನು ನಾಚಿಸುವುದರಲ್ಲಿ ಸಂದೇಹವಿಲ್ಲ.

ಹಾಗಾದರೆ ಹೆಚ್ಚಿನ ಹಣ ಎಲ್ಲಿ ಹೋಯಿತು? ಇದಕ್ಕೆ ಒಂದು ಉತ್ತರ ಅಲಗಿನ ದಪ್ಪದಲ್ಲಿದೆ. ಮೋರಾ ಅಲಗಿನ ದಪ್ಪ 2.5 ಮಿಲಿಮೀಟರ್, ಎಫ್-1ರದು 4.5 ಮಿಲಿಮೀಟರ್. ಉದ್ದ, ಅಗಲ, ವಸ್ತು ಇವು ಒಂದೇ ಆಗಿರುವ ಪಟ್ಟಿಯು ಬಾಗದೆ ನಿಲ್ಲುವ ಶಕ್ತಿಯು ದಪ್ಪದ ಘನಕ್ಕೆ ಅನುಗುಣವಾಗಿರುತ್ತದೆಂದು ಭೌತಶಾಸ್ತ್ರ ತಿಳಿಸುತ್ತದೆ. ದಪ್ಪ 1.8 ಪಟ್ಟಾದರೆ ಈ ಶಕ್ತಿ ಸುಮಾರು ಆರು ಪಟ್ಟಾಗುತ್ತದೆ. ಮೇಲಾಗಿ ಎಫ್-1ರ ಉಕ್ಕು ಹಿಡಿಯ ತುದಿಯವರೆಗೂ ಸಾಗಿ ಹೊರಕ್ಕೆ ಇಣಿಕುತ್ತದೆ. ಕಂಪ್ಯಾನಿಯನ್ನಿನಲ್ಲಿ ಅದು ಹಿಡಿಯ ನಡುವೆಯೇ ಕೊನೆಗೊಳ್ಳುತ್ತದೆ. ಆದುದರಿಂದ ದುಬಾರಿ ಚಾಕುವನ್ನು ಕೊಂಡವನು ಪಡೆದದ್ದು ಹೆಚ್ಚಿನ ಹರಿತವನ್ನಲ್ಲ, ಸುಲಭವಾಗಿ ಮುರಿಯದೆಂಬ ಭರವಸೆಯನ್ನು. ಈ ಭರವಸೆಗೆ ತೆರಬೇಕಾದ ಇನ್ನೊಂದು ದಂಡವೂ ಉಂಟು. ಒಂದು ಕ್ಯಾರೆಟ್ಟನ್ನು ತೆಳು ಅಲಗು ಸಲೀಸಾಗಿ ಹೆಚ್ಚುತ್ತದೆ. ದಪ್ಪ ಅಲಗು ಬೆಣೆಯಂತೆ ಒಳಹೊಕ್ಕು ನಡುವೆಯೇ ಸೀಳಿಬಿಡುತ್ತದೆ. ಅಡಿಗೆಯ ಮನೆಯಲ್ಲಿ ದುಬಾರಿ ಚಾಕುವೇ ಸೋಲುತ್ತದೆ.

ಇನ್ನೊಂದು ಉತ್ತರ ಉಕ್ಕಿನಲ್ಲಿದೆ. ಕಂಪ್ಯಾನಿಯನ್ನಿನ ತುಕ್ಕು ಹಿಡಿಯದ ಉಕ್ಕಿನಲ್ಲಿ ಶೇಕಡ ಸುಮಾರು 0.6 ಇಂಗಾಲವೂ 14 ಕ್ರೋಮಿಯಮ್ಮೂ ಇರುತ್ತವೆ. ಇನ್ನೂ ಬೆಲೆಯುಳ್ಳ ಚಾಕುಗಳಲ್ಲಿ ಇಂಗಾಲವೂ ಹೆಚ್ಚು, ಅದರೊಡನೆ ವೆನೇಡಿಯಮ್ಮನ್ನೂ ಬೆರೆಸಿರುತ್ತಾರೆ. 2001ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಎಸ್-30-ವಿ’ ಎಂಬ ಉಕ್ಕಿನಲ್ಲಿ ಶೇಕಡ 1.45 ಇಂಗಾಲ, 4 ವೆನೇಡಿಯಂ ಇವೆ. ಇಂಗಾಲವು ಈ ಲೋಹಗಳೊಡನೆ ಕೂಡಿ ಕಾರ್ಬೈಡ್ ಎಂಬ ಅತಿ ಕಠಿಣವಾದ ಕಣಗಳಾಗುತ್ತದೆ. ಸುತ್ತಲಿನ ಗಡಸು ಉಕ್ಕಿಗಿಂತ ಕ್ರೋಮಿಯಮ್ಮಿನ ಕಾರ್ಬೈಡು ಸುಮಾರು ಎರಡು ಪಟ್ಟು ಕಠಿಣ; ವೆನೇಡಿಯಮ್ಮಿನದು ಮೂರು ಪಟ್ಟಿಗೂ ಮೀರಿ ಕಠಿಣ. ರಸ್ತೆಯ ಡಾಂಬರಿನಲ್ಲಿ ಹುದುಗಿದ ಜಲ್ಲಿಯಂತೆ ಈ ಕಣಗಳು ಅಂಚನ್ನು ಸವೆತದಿಂದ ಕಾಪಾಡುತ್ತವೆ.

ಕರಗಿದ ಉಕ್ಕು ದೊಡ್ಡ ಗಟ್ಟಿಯಾಗಿ ಮೆಲ್ಲನೆ ಆರಿದರೆ ಈ ಕಣಗಳು ದಪ್ಪವಾಗಿ ಬೆಳೆದು ಒಂದೆಡೆ ಗುಂಪುಗೂಡುತ್ತವೆ, ಉಕ್ಕು ಪೆಡಸಾಗುತ್ತದೆ. ಇದನ್ನು ತಪ್ಪಿಸಲು ಕರಗಿದ ಉಕ್ಕನ್ನು ಅನಿಲದ ಧಾರೆಯಿಂದ ಸಣ್ಣ ಹನಿಗಳಾಗಿ ಚಿಮ್ಮಿಸಿ ಕ್ಷಣಾರ್ಧದಲ್ಲಿ ಹೆಪ್ಪುಗಟ್ಟಿಸುತ್ತಾರೆ. ಹೀಗೆ ದೊರೆತ ಪುಡಿಯನ್ನು ಬಿಸಿಯಲ್ಲಿ ಭಾರಿ ಒತ್ತಡಕ್ಕೆ ಗುರಿಪಡಿಸಿ ಮತ್ತೆ ಗಟ್ಟಿಯಾಗಿ ಮಾಡುತ್ತಾರೆ. ಇಷ್ಟೆಲ್ಲಕ್ಕೂ ಖರ್ಚು ತಗಲುತ್ತದೆ. ಅನಂತರ ಆ ಉಕ್ಕನ್ನು ಉಜ್ಜಿ ಅಲಗಿನ ರೂಪಕ್ಕೆ ತರುವಾಗ ಸಾಣೆಯ ಪಟ್ಟಿಗಳು ಬೇಗನೆ ಸವೆದುಹೋಗುತ್ತವೆ; ಅದು ಮತ್ತೊಂದು ಖರ್ಚು. ಫಲವಾಗಿ ದೊರೆಯುವುದು ಬಹುಕಾಲ ಮೊಂಡಾಗದ ಅಂಚು. ಆದರೆ ಮೊಂಡಾದ ದಿನ ಮನೆಯ ಸಾಧಾರಣ ಕಲ್ಲಿಗೆ ಅದು ಸುಲಭವಾಗಿ ಬಗ್ಗದು. ವಜ್ರದ ಪುಡಿಯನ್ನು ಕೂರಿಸಿದ ಕಲ್ಲು ಬೇಕಾಗುತ್ತದೆ. ಎಂದರೆ ಕೊಂಡವನು ಪಡೆದದ್ದು ಒಂದು ಸಾಣೆಗೂ ಇನ್ನೊಂದು ಸಾಣೆಗೂ ನಡುವಣ ದೀರ್ಘ ಬಿಡುವನ್ನು. ದಿನವಿಡೀ ಹಗ್ಗ, ರಟ್ಟುಗಳನ್ನು ಕತ್ತರಿಸುವವನಿಗೆ ಇದು ದೊಡ್ಡ ಲಾಭ. ತಿಂಗಳಿಗೊಮ್ಮೆ ಚಾಕುವನ್ನು ಕೈಗೆತ್ತಿಕೊಳ್ಳುವವನಿಗೆ ಇದರಿಂದೇನು?

ಇಷ್ಟನ್ನು ಹೇಳಿದ ಮೇಲೆ ಅಗ್ಗದ್ದೆಲ್ಲ ಸಾಕೆಂಬ ತೀರ್ಮಾನಕ್ಕೆ ಯಾರೂ ಧಾವಿಸಬಾರದು. ಉಕ್ಕಿನ ಯೋಗ್ಯತೆ ಅದರಲ್ಲಿರುವ ಧಾತುಗಳಿಂದ ಮಾತ್ರ ನಿರ್ಧಾರವಾಗುವುದಿಲ್ಲ; ಬೆಂಕಿಯಲ್ಲಿ ಅದು ಪಡೆದ ಹದವೇ ಮುಖ್ಯ. ಉಕ್ಕನ್ನು ಕೆಂಪಗೆ ಕಾಯಿಸಿ ತಟ್ಟನೆ ತಣಿಸಿದರೆ ಅದು ಗಾಜಿನಂತೆ ಗಡಸಾಗಿ ಪೆಡಸಾಗುತ್ತದೆ. ಮತ್ತೆ ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಇರಿಸಿದರೆ ಗಡಸುತನ ತುಸು ಇಳಿದು ಪೆಡಸುತನ ಬಹಳ ಮಟ್ಟಿಗೆ ನೀಗುತ್ತದೆ. ಈ ಕ್ರಮದಲ್ಲಿ ಎಡವಿದರೆ ಎಷ್ಟು ಬೆಲೆಬಾಳುವ ಉಕ್ಕೂ ವ್ಯರ್ಥ. ಮೋರಾ ಚಾಕು ಅಗ್ಗವಾದರೂ ಅದರ ಹದ ಶಿಸ್ತಿನದು: ರಾಕ್‌ವೆಲ್ ಮಾಪನದಲ್ಲಿ ಅದರ ಗಡಸುತನ 56ರಿಂದ 58, ಎಫ್-1ರದು ಸುಮಾರು 59. ಹತ್ತು ಪಟ್ಟು ಬೆಲೆಯ ನಡುವೆ ಇರುವ ಅಂತರ ಒಂದರಿಂದ ಮೂರು ಅಂಕಗಳು ಮಾತ್ರ! ಆದರೆ ‘ಸ್ಟೇನ್‌ಲೆಸ್ ಸ್ಟೀಲ್’ ಎಂಬ ಮುದ್ರೆಯೊಂದನ್ನೇ ಹೊತ್ತ, ತಯಾರಕನ ಹೆಸರಿಲ್ಲದ ಅಲಗಿನ ಹದವನ್ನು ಕಣ್ಣಿನಿಂದ ಅರಿಯಲಾಗದು. ಅರವನ್ನು ಅದರ ಬೆನ್ನಿನ ಮೇಲೆ ಎಳೆದು ನೋಡಬಹುದು. ಮೆದು ಅಲಗನ್ನು ಅರ ಸುಲಭವಾಗಿ ಕಚ್ಚುತ್ತದೆ. ಗಡಸಾದುದರ ಮೇಲೆ ಜಾರಲು ನೋಡುತ್ತದೆ.

ಕೀರ್ತಿಯೂ ಬೆಲೆಯಂತೆಯೇ ಪರೀಕ್ಷೆಗೆ ಒಳಪಡತಕ್ಕದ್ದು. ಇದಕ್ಕೆ ನಮ್ಮ ಉಕ್ಕೇ ನಿದರ್ಶನ. ‘ಉಕ್ಕು’ ಎಂಬ ನಮ್ಮ ಮಾತೇ ಯೂರೋಪಿನಲ್ಲಿ ‘ವೂಟ್ಸ್’ ಆಯಿತೆಂಬುದು ಬಹುಮಂದಿ ವಿದ್ವಾಂಸರ ಮತ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಅದರ ಮೇಲಿನ ಪ್ರಯೋಗಗಳನ್ನು ನಿವೇದಿಸಿದನು. ಮೈಕೆಲ್ ಫ್ಯಾರಡೆ ಜೇಮ್ಸ್ ಸ್ಟೋಡರ್ಟನೊಡನೆ ಸೇರಿ ಅದರ ಗುಟ್ಟನ್ನು ಅರಸಿದನು. 1990ರ ದಶಕದಲ್ಲಿ ಜಾನ್ ವರ್ಹೋವೆನ್ ಎಂಬ ಲೋಹಶಾಸ್ತ್ರಜ್ಞ ಮತ್ತು ಆಲ್ಫ್ರೆಡ್ ಪೆಂಡ್ರೆ ಎಂಬ ಕಮ್ಮಾರ ಕೂಡಿ ದುಡಿದು, ಅದರ ನೀರಲೆಯಂತಹ ಚಿತ್ತಾರಕ್ಕೆ ಲೇಶಮಾತ್ರ ಬೆರೆತ ವೆನೇಡಿಯಂ ಮೊದಲಾದ ಧಾತುಗಳು ಕಾರಣವೆಂದು ತೋರಿಸಿದರು. ಇದು ನಾವು ಹೆಮ್ಮೆಪಡತಕ್ಕ ಸಂಗತಿ. ಆದರೂ ಇಂದಿನ ಸಾಮಾನ್ಯ ಕಾರ್ಖಾನೆಯ ಒಳ್ಳೆಯ ಉಕ್ಕು ಹಲವು ಗುಣಗಳಲ್ಲಿ ಆ ಹಳೆಯ ಖಡ್ಗಗಳನ್ನು ಮೀರಿಸುತ್ತದೆಂದು ಒಪ್ಪಿಕೊಳ್ಳಬೇಕು. ತನ್ನ ಮನೆಯ ಕೀರ್ತಿಯನ್ನೂ ಪರೀಕ್ಷೆಗೆ ಒಡ್ಡಲಾರದವನು ಪರದೇಶದ ಅಂಗಡಿಯವನ ಬಣ್ಣನೆಯನ್ನು ಪರೀಕ್ಷಿಸಲು ಅರ್ಹನಲ್ಲ.

ಚಾಕುವಿನ ಪರೀಕ್ಷೆ ಕಷ್ಟವಾದುದೇನೂ ಅಲ್ಲ. ಮನೆಯ ತೂಗುಯಂತ್ರದ ಮೇಲೆ ಮರದ ಹಲಗೆಯೊಂದನ್ನಿಟ್ಟು, ಅದರ ಮೇಲೆ ತೆಳುವಾದ ನಾರಿನ ಹಗ್ಗವನ್ನು ಕಟ್ಟಿರಿ. ಅಲಗನ್ನು ಎಳೆಯದೆ ನೆಟ್ಟಗೆ ಒತ್ತಿರಿ. ಹಗ್ಗ ತುಂಡಾಗುವಾಗ ಯಂತ್ರ ತೋರುವ ತೂಕವೇ ಬೇಕಾದ ಬಲದ ಅಳತೆ. ಐದು ಸಲ ಅಳೆದು ಸರಾಸರಿಯನ್ನು ತೆಗೆಯಿರಿ. ಅನಂತರ ಐವತ್ತು ಸಲ ಹಗ್ಗವನ್ನು ಕತ್ತರಿಸಿ ಮತ್ತೆ ಅಳೆಯಿರಿ. ಎರಡು ಚಾಕುಗಳನ್ನೂ ಮೊದಲು ಒಂದೇ ಕೋನದಲ್ಲಿ ಮಸೆದಿರಬೇಕು. ಇಲ್ಲದಿದ್ದರೆ ಸಾಣೆಯ ಗುಣವನ್ನು ಉಕ್ಕಿನ ಗುಣವೆಂದು ಭ್ರಮಿಸುವಿರಿ. ಕತ್ತರಿಸುವವನೊಬ್ಬ, ತೂಕ ಓದಿ ಬರೆಯುವವನೊಬ್ಬ ಇರಲಿ. ಯಾವ ಚಾಕುವಿನ ಸರದಿಯೆಂಬುದು ಬರೆಯುವವನಿಗೆ ತಿಳಿಯದಿರಲಿ. ಹಿರಿಯರೊಬ್ಬರು ಜೊತೆಯಲ್ಲಿರುವುದೂ, ಇನ್ನೊಂದು ಕೈಯನ್ನು ಅಲಗಿನ ದಾರಿಯಿಂದ ದೂರವಿಡುವುದೂ ಅವಶ್ಯ.

ಇನ್ನು ನಮ್ಮ ತೀರ್ಪು. ಪ್ಯಾರಾಚೂಟಿನಿಂದ ಹಿಮದ ಕಾಡಿನಲ್ಲಿ ಇಳಿದ ವೈಮಾನಿಕನ ಬಳಿ ಇರುವುದು ಒಂದೇ ಚಾಕು. ಅವನು ಅದರಿಂದಲೇ ಸೌದೆಯನ್ನು ಸೀಳಬೇಕು, ಅದರಿಂದಲೇ ಆಸರೆಯನ್ನು ಕಟ್ಟಿಕೊಳ್ಳಬೇಕು. ಅದು ಮುರಿದರೆ ಅವನ ಪ್ರಾಣಕ್ಕೇ ಸಂಚಕಾರ. ಅವನ ಪಾಲಿಗೆ ಇನ್ನೂರು ಡಾಲರು ಅಗ್ಗವೇ ಸರಿ. ರಜೆಯಲ್ಲಿ ಗೆಳೆಯರೊಡನೆ ಬೆಟ್ಟವನ್ನೇರಿ ಹಣ್ಣು ಹೆಚ್ಚುವ, ಕೋಲು ಕೆತ್ತುವ ವಿದ್ಯಾರ್ಥಿಯ ಚಾಕು ಮುರಿದರೆ ಅವನು ಪಕ್ಕದವನ ಚಾಕುವನ್ನು ಕೇಳಿ ಪಡೆಯುತ್ತಾನೆ. ಅವನಿಗೆ ಹದವರಿತು ಮಾಡಿದ ಅಗ್ಗದ ಚಾಕು ಮತ್ತು ಒಂದು ಒಳ್ಳೆಯ ಸಾಣೆಕಲ್ಲು ಸಾಕು. ಉಳಿದ ಹಣ ಪುಸ್ತಕಕ್ಕೋ ಪ್ರಯಾಣಕ್ಕೋ ಒದಗಲಿ.

ಅಂದವಾದ ಹಿಡಿಗೆ, ಕೈಗೆಲಸದ ನಯಕ್ಕೆ, ಅದನ್ನು ಮಾಡಿದ ಕುಶಲಿಯ ಕೂಲಿಗೆ ಹಣ ಕೊಡಬಾರದೆಂದು ನಾವು ಹೇಳುವುದಿಲ್ಲ. ಸೌಂದರ್ಯವೂ ಕೊಳ್ಳತಕ್ಕ ವಸ್ತುವೇ. ಆದರೆ ಸೌಂದರ್ಯಕ್ಕೆ ಕೊಟ್ಟ ಹಣವನ್ನು ಹರಿತಕ್ಕೆ ಕೊಟ್ಟೆನೆಂದು ತನ್ನನ್ನು ತಾನೇ ವಂಚಿಸಿಕೊಳ್ಳಬಾರದು. ‘ಇದು ಎಷ್ಟು ಒಳ್ಳೆಯದು?’ ಎಂಬ ಪ್ರಶ್ನೆಗೆ ಉತ್ತರವಿಲ್ಲ. ‘ನನ್ನ ಕೆಲಸ ಯಾವುದು? ಇದು ಕೈಕೊಟ್ಟರೆ ನನಗಾಗುವ ನಷ್ಟವೆಷ್ಟು?’ ಎಂಬ ಪ್ರಶ್ನೆಗಳಿಗೆ ಉತ್ತರ ಉಂಟು. ಮುಂದೆ ಇದೇ ವಿದ್ಯಾರ್ಥಿಗಳು ಆಸ್ಪತ್ರೆಗೆ ಉಪಕರಣವನ್ನೂ ಸೇತುವೆಗೆ ಉಕ್ಕನ್ನೂ ಆರಿಸಬೇಕಾಗಿ ಬರುತ್ತದೆ. ಅಲ್ಲಿ ಅನಾವಶ್ಯಕವಾಗಿ ತೆತ್ತ ಹಣವೂ ಇತರರದು, ಅನುಚಿತವಾಗಿ ಉಳಿಸಿದ ಹಣದಿಂದ ಒದಗುವ ಕೇಡೂ ಇತರರದು. ಆ ಕಾಲಕ್ಕೆ ಬೇಕಾದ ವಿವೇಚನೆಯ ಅಭ್ಯಾಸವನ್ನು ಇಂದು ಒಂದು ಚಾಕುವಿನಿಂದಲೇ ಪ್ರಾರಂಭಿಸಬಹುದು.